ನೀವು ಕೇಳಿದ ಹೆಸರು

ಜಗದೇವಿ ಅಪ್ಪಗ,

ನೀವು ತೀರಿಹೋದ ಮ್ಯಾಲೆ ಈ ಪತ್ರ ಯಾರಿಗೆ ಮುಟ್ಟತದ? ಆದ್ರೂ ಬರ್ಯಾಕತ್ತೀನಿ. ನನಗ ತಲಿ ಸುತ್ತತದಂತ ಇವತ್ತು ಮಗಳು ಜಗದೇವಿ ಹುಮನಾಬಾದಿಗೆ ಕರ್ಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದಳು. ಡಾಕ್ಟರ್ ಫಿಲ್ಮ್ ತೋರಿಸಿ, "ವಯಸ್ಸಾದಂಗ ಮಿದುಳು ಕುಗ್ಗತದವ್ವ. ಗಂಡಸರದು ಇನ್ನಾ ಜಾಸ್ತಿ. ಕೆಲವರಿಗೆ ತಮ್ಮ ಹೆಸರು ಸೈತ ನೆನಪಿರಲ್ಲ" ಅಂದ್ರು. ಆಗ ನಿಮ್ಮ ಮಾತು ನೆನಪಾತು.

ಹೋದ ವರ್ಷ ಕಲ್ಯಾಣ ಊರಾಗಿನ ನಮ್ಮ ಮನಿ ಅಂಗಳದಾಗ ನನ್ನ ಕೈ ಹಿಡಿದು, "ನನ್ನ ಹೆಸರೇನ, ಹೇಳ" ಅಂದ್ರಿ. ಮದಿವ್ಯಾಗ ಹೆಸರಿಟ್ಟು ಒಡಪು ಹೇಳಿಸಿದಂಗ ಮಜಾಕ್ ಮಾಡಾಕತ್ತೀರಿ ಅಂದ್ಕೊಂಡೆ. ಗಂಡನ ಹೆಸರು ಹ್ಯಾಂಗ ತಗೊಳ್ಳೋದಂತ ಸೆರಗು ಬಾಯಿಗೆ ಹಿಡ್ಕೊಂಡು ನಕ್ಕೆ. ನೀವು ನಗಲಿಲ್ಲ. ಮತ್ತ ಕೇಳಿದ್ರಿ. ನಾ ನಾಚಿ ಒಳಗ ಓಡಿದೆ.

ಮಾಣಿಕಪ್ಪ. ಮಾಣಿಕಪ್ಪ ರೀ ನಿಮ್ಮ ಹೆಸರು.