ಗೆರಸಿಯಲ್ಲಿರುವ ಸ್ಟೇರಿಂಗ್ ಸಾಮಾನು

ಭವ್ಯಕ್ಕಾ,

ಕಾರು ತೆಗೆಯಬೇಡ, ಸ್ಟೇರಿಂಗ್ ಬಿಚ್ಚಿದ್ದೇನೆ. ಅದರ ಲಿವರ್, ಬೋಲ್ಟ್, ವಾಶರ್ ಎಲ್ಲ ಗೆರಸಿಯಲ್ಲಿ ಬಿಚ್ಚಿದ ಕ್ರಮದಲ್ಲೇ ಇವೆ. ಅಕ್ಕಿ ಆರಿಸಲೆಂದು ಅವನ್ನು ಸುರಿದುಬಿಡಬೇಡ ಮಾರಾಯ್ತಿ.

ನಿನ್ನೆ ಅರ್ಗಾದ ಇಳಿಜಾರಿನಲ್ಲಿ ಸ್ಟೇರಿಂಗ್ ನಿನ್ನ ತೊಡೆಯ ಮೇಲೆ ಕುಸಿಯಿತಲ್ಲ, ಅದು ನಿನ್ನ ಕೈಯ ತಪ್ಪಲ್ಲ, ಅಮ್ಮ ಹೇಳಿದಂತೆ ದೃಷ್ಟಿ ತಾಗಿದ್ದೂ ಅಲ್ಲ. ನನ್ನ ಮೊಣಕಾಲಿಗೆ ತಾಗುತ್ತದೆಂದು ಹೋದ ವಾರ ನಾನೇ ಅದನ್ನು ಮೇಲೆತ್ತಿದ್ದೆ, ಅದನ್ನು ಹಿಡಿದಿಡುವ ಲಿವರಿನ ನಟ್ಟು ಸರಿಯಾಗಿ ಬಿಗಿದಿರಲಿಲ್ಲ. "ನಂಗಿನ್ನು ಗಾಡಿ ಹೊಡೂದೇ ಬ್ಯಾಡ" ಎಂದು ನೀನು ಅತ್ತಾಗ, ಅಮ್ಮನ ಜೊತೆ ನಾನೂ ಹೌದೆಂದು ತಲೆಯಾಡಿಸಿದೆ.

ಹೊಸ ನಟ್ಟು, ಸ್ಪ್ರಿಂಗ್ ತರಲು ಅಂಕೋಲೆಗೆ ಹೋಗುತ್ತಿದ್ದೇನೆ. ತಪ್ಪು ನನ್ನದೆಂದು ಬಂದ ಮೇಲೆ ಅಮ್ಮನಿಗೆ ನಾನೇ ಹೇಳುತ್ತೇನೆ. ದೃಷ್ಟಿ ತೆಗೆಯಲು ಇಟ್ಟ ಕಾಯಿಯನ್ನು ಮೀನುಸಾರಿಗೆ ಹಾಕು. ದೇವರ ಮುಂದಿಟ್ಟ ಕಾರಿನ ಚಾವಿ ನಿನ್ನ ಹತ್ತಿರವೇ ಇರಲಿ.

ಸಂಜೆ ಆ ಇಳಿಜಾರನ್ನು ಮೊದಲು ನಾನು ಒಬ್ಬನೇ ಇಳಿದು ಬರುತ್ತೇನೆ. ಆಮೇಲೆ ನೀನು ಹೊಡಿ, ನಾನು ಪಕ್ಕದಲ್ಲಿ ಬಾಯಿ ಮುಚ್ಚಿ ಕೂರುತ್ತೇನೆ.

ಜಗದೀಶ