ಮಗ್ಗದ ಕುಣಿಯಲ್ಲಿ ನೀರು

ಇಳಕಲ್ಲ
ಶುಕ್ರವಾರ, ತಾ. ೧೦-೮-೧೯೭೯

ಚಿರಂಜೀವಿ ಸೌಭಾಗ್ಯವತಿ ನೀಲಾಬಾಯಿಗೆ ನಿನ್ನ ಮಾವ ಅಮಾತೆಪ್ಪ ಮನಸಾರೆ ಮಾಡುವ ಆಶೀರ್ವಾದಗಳು.

ಮೊದಲು ನಿನ್ನ ಮೈ ಹೇಗಿದೆ ಹೇಳು ತಾಯಿ. ಕಾಲಿನ ಬಾವು ಇಳಿಯಿತೇ? ಕೆರೂರಿನ ನರ್ಸಬಾಯಿ ಕೊಟ್ಟ ಕೆಂಪು ಗುಳಿಗೆಗಳನ್ನು ನೀನು ನುಂಗದೆ ಹಿತ್ತಲಿಗೆ ಎಸೆಯುತ್ತೀ ಎಂದು ನನಗೆ ಅನುಮಾನವಿದೆ. ಇಲ್ಲಿದ್ದಾಗ ಕಷಾಯವನ್ನು ತುಳಸಿಗಿಡಕ್ಕೆ ಕುಡಿಸುತ್ತಿದ್ದವಳು ನೀನು, ನಾನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆ. ಈಗ ಹಾಗೆ ಮಾಡಬೇಡ, ಎರಡು ಜೀವ. ನಿಮ್ಮತ್ತೆ ಗುರುಸಿದ್ದವ್ವ ಕೇಳಲು ಹೇಳಿದ್ದಾಳೆ: ನಾಗರಪಂಚಮಿಯ ಉಂಡಿ ಎಷ್ಟು ತಿಂದೆ, ಜೋಕಾಲಿ ಹತ್ತಿದೆಯೋ ಹೇಗೆ. ಹತ್ತಿದ್ದರೆ ನನಗೆ ಮಾತ್ರ ಬರೆ, ಆಕೆಗೆ ಬರೆಯಬೇಡ. ಅಂದಪ್ಪ ನಾಲ್ಕು ಸಲ ನಿನಗೆ ಕಾಗದ ಬರೆಯಲು ಕುಳಿತ, ನಾಲ್ಕು ಸಲವೂ ಹರಿದು ಹಾಕಿದ. ನನ್ನ ಮಗನಾದರೂ ಹೇಳುತ್ತೇನೆ, ಸೀರೆಯ ಮೇಲೆ ಚಿತ್ತಾರ ತೆಗೆಯುವ ಕೈಗೆ ಹೆಂಡತಿಗೆ ಎರಡು ಸಾಲು ಬರೆಯಲು ನಾಚಿಕೆ ಎಂದರೆ ಏನು ಹೇಳುವುದು. ಇತ್ತ ನಾವೆಲ್ಲ ಕ್ಷೇಮ. ಕ್ಷೇಮ ಎಂದು ಬರೆಯುವಂತಾದದ್ದು ಮಾತ್ರ ಇವತ್ತು ಮುಂಜಾನೆಯಿಂದ.

ಮನೆಯ ಸುದ್ದಿ ಬರೆಯುತ್ತೇನೆ, ಗಟ್ಟಿಯಾಗಿ ಓದಬೇಡ, ಒಬ್ಬಳೇ ಓದಿಕೋ. ಕುಬುಸದ ಶಾಸ್ತ್ರ ಮುಗಿಸಿ ನೀನು ತವರು ಕೆರೂರಿಗೆ ಹೋಗುವಾಗ ಎಲ್ಲ ಗಟ್ಟಿಯಾಗಿತ್ತು. ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ನಬಿಸಾಬ ತೀರಿಕೊಂಡ ಮೇಲೆ ಅವನ ಹೆಂಡತಿ ದಸ್ತಗೀರಬಿ ಮಾರಲು ತೆಗೆದ ಮನೆ, ಒಂಬತ್ತು ಸಾವಿರಕ್ಕೆ ನಮಗೆ. ಓಣಿಯ ಹಿರಿಯರು ರಾಚಯ್ಯನವರ ಎದುರಿಗೆ ಎಲೆ ಅಡಿಕೆ ಕೊಟ್ಟು ತೆಗೆದುಕೊಂಡು ಮಾತು ಮುಗಿಸಿದ್ದೆವು. ಶ್ರಾವಣದ ಕಡೆಯ ಸೋಮವಾರ ಹುನಗುಂದದಲ್ಲಿ ಖರೀದಿ ಪತ್ರ ಎಂದೂ ಆಗಿತ್ತು. ಸೊಸೈಟಿಯಲ್ಲಿಟ್ಟ ನನ್ನ ದುಡಿಮೆ ಶ್ರಾವಣದವರೆಗೆ ಕೈಗೆ ಬರುವಂತಿರಲಿಲ್ಲ, ಸಂಚಕಾರಕ್ಕೆ ನಿನ್ನ ಬೋರಮಾಳ ಒತ್ತೆ ಇಟ್ಟು ಹನ್ನೆರಡು ನೂರು ರೂಪಾಯಿ ತಂದೆ. ಅದನ್ನು ಕೊರಳಿಂದ ತೆಗೆದುಕೊಡುವಾಗ ನೀನು ನಕ್ಕು ಕೊಟ್ಟೆ. ಅತ್ತಿದ್ದರೆ ನನ್ನ ಮನಸ್ಸಿಗೆ ಇಷ್ಟು ಹತ್ತುತ್ತಿರಲಿಲ್ಲ. ತೊಟ್ಟಿಲು ಹಾಕುವ ದಿನ ಕೆರೂರಿನ ಹೆಂಗಸರೆಲ್ಲ ನಿನ್ನ ಬರಿಗೊರಳು ನೋಡಿ ಪಿಸಿಪಿಸಿ ಮಾತಾಡಬಾರದು, ಅಷ್ಟರೊಳಗೆ ಹೇಗಾದರೂ ಬಿಡಿಸಿ ತರಬೇಕು ಎನ್ನುವ ಹುಳವೊಂದು ಮೂರು ತಿಂಗಳಿಂದ ತಲೆಯಲ್ಲಿ ಕೊರೆಯುತ್ತಿತ್ತು. ಇತ್ತ ಈ ಬಾಡಿಗೆ ಮನೆಯವರು ದಸರೆಯೊಳಗೆ ಬಿಡಿ ಎಂದಿದ್ದಾರೆ. ಕೂಸಿನೊಂದಿಗೆ ನೀನು ಬರುವುದು ಯಾವ ಬಾಗಿಲಿಗೆ ಎನ್ನುವುದೇ ನಮ್ಮ ಮುಂದಿನ ದೊಡ್ಡ ಮಾತು.

ಹೋದ ರವಿವಾರ ನಾನು, ಅಂದಪ್ಪ ಸಲಿಕೆ ಹಾರೆ ಹಿಡಿದು ಆ ಮನೆಗೆ ಹೋದೆವು. ನಮ್ಮ ನೇಕಾರರಲ್ಲಿ ಮೊದಲು ಮಗ್ಗದ ಕುಣಿ, ಹಾಲು ಉಕ್ಕಿಸುವುದು ಆಮೇಲೆ, ಅದು ನಿನಗೂ ಗೊತ್ತು. ದಸ್ತಗೀರಬಿ ಕೇಳಿದ ಕೂಡಲೇ ಮನೆಯ ಕೀಲಿ ಕೊಟ್ಟು ಬಜಾರಕ್ಕೆ ಹೋದಳು, ಪತ್ರ ಆಗುವ ಮೊದಲೇ ಇನ್ನೊಬ್ಬರ ನೆಲ ಅಗೆಯಲು ಯಾರು ಬಿಡುತ್ತಾರೆ ಹೇಳು. ಹಿಂದಿನ ಖೋಲಿಯಲ್ಲಿ ಒಂದೂವರೆ ಮೊಳ ಆಳದ ಕುಣಿ ತೆಗೆದು, ವಿಭೂತಿ ಹಚ್ಚಿ, ಬೇಶ್ ಆಯಿತು ಎಂದು ಮನೆಗೆ ಬಂದೆವು. ಸೋಮವಾರ ಮುಂಜಾನೆ ಹೋಗಿ ನೋಡಿದರೆ ಕುಣಿಯಲ್ಲಿ ಮೊಣಕಾಲಮಟ ನೀರು! ಅಂದಪ್ಪ ಚರಿಗೆಯಿಂದ ಎತ್ತಿ ಎತ್ತಿ ಹೊರಗೆ ಚೆಲ್ಲಿದ, ಅದು ಮತ್ತೆ ಜಿನುಗಿ ಜಿನುಗಿ ಬಂತು. ನೇಕಾರನ ಕಾಲು ದಿನವೆಲ್ಲ ಕುಣಿಯೊಳಗೇ ಇರಬೇಕು, ನೀರಲ್ಲಿ ಕುಳಿತು ನೇಯುವುದಕ್ಕೆ ನಾನೇನು ಎಮ್ಮೆಯೇ? ತಪ್ಪು ಯಾರದು ಎಂದು ಈಗ ಹೇಳುತ್ತೇನೆ. ಬೇಸಿಗೆಯಲ್ಲಿ ಮನೆ ನೋಡಲು ಹೋದಾಗ ಗೋಡೆಯಿಂದ ಗೋಡೆಗೆ ಮಗ್ಗದ ಉದ್ದ ಅಳೆದೆ, ಕಿಟಕಿಯ ಬೆಳಕು ನೋಡಿದೆ, ಜಂತಿಗೆ ಕೈ ಹಾಕಿ ಜಗ್ಗಿದೆ. ಅರ್ಧ ಮಗ್ಗ ನೆಲದ ಮೇಲಿದ್ದರೆ ಅರ್ಧ ನೆಲದ ಒಳಗೆ ಇರುತ್ತದೆ ಎನ್ನುವುದು ನಲವತ್ತೈದು ವರ್ಷ ಕುಣಿಯಲ್ಲಿ ಕಾಲು ಬಿಟ್ಟ ನನಗೇ ಹೊಳೆಯಲಿಲ್ಲ. ಆದರೆ ಸೋಮವಾರ ನಾನು ಹಾಗೆ ಅಂದುಕೊಳ್ಳಲಿಲ್ಲ ನೀಲಾ. ಈ ಮುದುಕಿ ಬೇಕೆಂದೇ ಮುಚ್ಚಿಟ್ಟಳು ಎಂದು ಮೈಯೆಲ್ಲ ಉರಿದುಹೋಯಿತು. ಅದರ ಬೆನ್ನಿಗೇ ಇನ್ನೊಂದು ವಿಚಾರ ಬಂತು, ಬರೆಯಲು ನಾಚಿಕೆಯಾಗುತ್ತದೆ: ಹನ್ನೆರಡು ನೂರು ಕಡಿಮೆ ಮಾಡಿಸಿದರೆ ಆ ಉಳಿದ ದುಡ್ಡಿನಿಂದ ಬೋರಮಾಳ ನಾಳೆಯೇ ಮನೆಗೆ ಬರುತ್ತದೆ.

ರಾಚಯ್ಯನವರನ್ನು ಕರೆದುಕೊಂಡು ಹೋಗಿ ಆಕೆಯ ಕಟ್ಟೆಯ ಮೇಲೆ ಕುಳಿತೆ. ಓಣಿಯ ನಾಲ್ಕು ಮಂದಿ ಕೂಡಿದರು. ನೀರಿನ ಮನೆಗೆ ಒಂಬತ್ತು ಸಾವಿರ ಕೊಡುವುದಿಲ್ಲ, ಹನ್ನೆರಡು ನೂರು ಕಡಿಮೆ ಮಾಡು, ಆಗದಿದ್ದರೆ ಸಂಚಕಾರ ತಿರುಗಿ ಕೊಡು ಎಂದು ಜೋರಾಗಿಯೇ ಅಂದೆ. ನನ್ನ ದನಿ ನಿನಗೆ ಗೊತ್ತಲ್ಲ. ಆಕೆ ಜಗಳ ತೆಗೆದಿದ್ದರೆ ನನಗೆ ಬರೋಬ್ಬರಿ ಆಗುತ್ತಿತ್ತು. ಸೆರಗು ಸರಿಮಾಡಿಕೊಂಡು ಇಷ್ಟೇ ಅಂದಳು: "ಅಮಾತೆಪ್ಪಣ್ಣಾ, ಗ್ವಾಡಿ ಅಳದ್ರಿ, ಬೆಳಕ ನೋಡಿದ್ರಿ. ನೆಲದ ಮಾತ ಒಮ್ಮಿಯರೆ ಕೇಳಿದ್ರೇನ್ರಿ? ಕೇಳಿದ್ರ ನಾ ಹೇಳ್ತಿದ್ದಿಲ್ಲೇನು? ನಿಮ್ಮ ಮಾತಿನ ಮ್ಯಾಲೆ ನಾನೂ ಒಂದ್ ಕಡಿ ಮಾತ ಕೊಟ್ಟೇನ್ರಿ." ಹುನಗುಂದದಲ್ಲಿ ಮಗಳ ಮನೆಯ ಹತ್ತಿರ ಬಳೆ ಅಂಗಡಿಗೆ ಒಂದು ಸಣ್ಣ ಜಾಗ ನೋಡಿ, ನನ್ನ ಸಂಚಕಾರದ ದುಡ್ಡನ್ನೇ ಅಲ್ಲಿ ಸಂಚಕಾರ ಕೊಟ್ಟು ಬಂದಿದ್ದಾಳೆ. ನಾನು ಕೊಟ್ಟದ್ದನ್ನು ತಿರುಗಿ ಕೊಡಲು ಕೈಯಲ್ಲಿಲ್ಲ, ನಾನು ಕಡಿಮೆ ಮಾಡಿದರೆ ಅಲ್ಲಿನ ಅಂಗಡಿ ಹೋಗುತ್ತದೆ. ಆದರೂ ಹದಿನಾಲ್ಕು ದಿನದಲ್ಲಿ ಬೇರೆ ಗಿರಾಕಿ ಎಲ್ಲಿಂದ ಬರಬೇಕು? ಕಡೆಗೆ "ಆಗ್ಲಿ ತಗೋರಿ" ಅಂದಳು. ರಾಚಯ್ಯನವರು ಪಂಚೆ ಕೊಡವಿಕೊಂಡು ಎದ್ದರು, ನನ್ನ ಮುಖ ನೋಡಲಿಲ್ಲ. ನಾನು ಮಾತ್ರ ಏನೋ ಗೆದ್ದವನ ಹಾಗೆ ಬಜಾರದಲ್ಲಿ ಎಲೆ ಹಾಕಿಕೊಂಡು ಮನೆಗೆ ಬಂದೆ.

ನಿಮ್ಮತ್ತೆ ಎಲ್ಲ ಕೇಳಿಸಿಕೊಂಡಳು. ರೊಟ್ಟಿ ಬಡಿಯುತ್ತಿದ್ದಳು, ಬಡಿಯುವುದನ್ನೂ ನಿಲ್ಲಿಸಲಿಲ್ಲ. "ಇಷ್ಟ ವರ್ಷ ಸಾವಕಾರಗ ಬೈದ್ರಿ. ಇವತ್ತ ಅವನ ಗಾದಿ ಮ್ಯಾಲೆ ನೀವ ಕುಂತ ಬಂದ್ರಿ, ಛಲೋ ಆತು" ಅಂದಳು. ನಾನು ತಾಟು ಸರಿಸಿ ಎದ್ದೆ, ಹೆಂಗಸರಿಗೆ ವ್ಯವಹಾರ ಏನು ತಿಳಿಯುತ್ತದೆ ಎಂದು ಒದರಾಡಿದೆ, ಎರಡು ದಿನ ಆಕೆಯ ಕೂಡ ಮಾತು ಬಿಟ್ಟೆ. ಬುಧವಾರ ಎರಡು ಸೀರೆ ಮಡಿಸಿಕೊಂಡು ನೂಲು ಕೊಟ್ಟು ನೇಯಿಸುವ ಆ ಸಾವಕಾರನ ಅಂಗಡಿಗೆ ಹೋದೆ. ಆತ ಎಂದಿನಂತೆ ಸೆರಗನ್ನು ಬೆಳಕಿಗೆ ಹಿಡಿದ, ಎಂದಿನಂತೆ ಬೆರಳಿಟ್ಟ: "ಇಲ್ಲೊಂದ ಎಳಿ ತಪ್ಪೇತಿ ನೋಡಪಾ, ಐದ್ ರೂಪಾಯಿ ಕಡಿಮಿ ತಗೋ." ಒಂದು ಎಳೆ! ಮೊದಲು ಒಪ್ಪಿದ ಮಜೂರಿ, ಎಂಟು ದಿನದ ಕೆಲಸ ಅವನ ತೊಡೆಯ ಮೇಲೆ ಬಿದ್ದ ಮೇಲೆ ಕಡಿಮೆ. ಸೀರೆ ತಿರುಗಿ ಒಯ್ಯಲು ನನಗೆ ಆಗುವುದಿಲ್ಲ ಎಂದು ಅವನಿಗೆ ಗೊತ್ತು. ಪ್ರತಿ ಸಲ ಅವನ ಮನೆತನವನ್ನೆಲ್ಲ ಮನಸ್ಸಿನಲ್ಲೇ ಬೈದುಕೊಂಡು ಬರುವವನು ನಾನು. ಈ ಸಲ ಬೈಯಲು ಹೋದರೆ ಬೈಗುಳ ಬರಲಿಲ್ಲ ತಂಗೀ. ಕಟ್ಟೆಯ ಮೇಲೆ ಸೆರಗು ಸರಿಮಾಡಿಕೊಂಡ ದಸ್ತಗೀರಬಿ ಎದುರಿಗೆ ಬಂದು ನಿಂತ ಹಾಗಾಯಿತು. ಸಾವಕಾರ ಕೊಟ್ಟದ್ದನ್ನು ಎಣಿಸದೆ ಎದ್ದುಬಂದೆ, ನನ್ನ ಮುಖ ನೋಡಿ ಆತನಿಗೇ ಗಾಬರಿಯಾಗಿರಬೇಕು.

ನಿನ್ನೆ ಮಧ್ಯಾಹ್ನ ಒಬ್ಬನೇ ಆಕೆಯ ಮನೆಯ ಕಡೆ ನಡೆದೆ. ರಾಚಯ್ಯನವರು ಬೇಡ, ಯಾರೂ ಬೇಡ ಎಂದು ಹೊರಟವನು, ಅರ್ಧ ದಾರಿಯಲ್ಲಿ ನಿಂತು ವಿಚಾರ ಮಾಡಿದೆ: ಕಡಿಮೆ ಮಾಡಿದ್ದು ನಾಲ್ಕು ಮಂದಿಯ ಎದುರಿಗೆ, ಹೆಚ್ಚು ಮಾಡುವುದು ಗುಟ್ಟಾಗಿಯೇ? ತಿರುಗಿ ಹೋಗಿ ಅವರನ್ನು ಕರೆದುಕೊಂಡೇ ಬಂದೆ. ಓಣಿಯವರು ಇನ್ನೇನು ತಂಟೆ ತಂದನೋ ಎಂದು ಮತ್ತೆ ಕೂಡಿದರು. "ದಸ್ತಗೀರಬಿ, ಮೊದಲಿನ ಮಾತೇ ಮಾತು, ಒಂಬತ್ತು ಸಾವಿರ. ಸೋಮವಾರ ನಾ ಆಡಿದ್ದು ಖೊಟ್ಟಿ ಮಾತು, ಮನಸಿನ್ಯಾಗ ಇಟ್ಕೋಬ್ಯಾಡ" ಅಂದೆ. ಆಕೆ ಅತ್ತಳೆಂದು ತಿಳಿದೆಯಾ? ಬೈದಳು! "ಇದ ಮಾತ ಮೊದಲ ಅಂದಿದ್ರ ಮೂರ ದಿನ ನಾ ಹೊಟ್ಟಿತುಂಬ ಉಣ್ತಿದ್ದೆ. ಏಳ್ರಿ ಮ್ಯಾಲೆ, ನಿಮಗ ಒಂದ ತೋರಸ್ತೇನಿ" ಎಂದು ಒಳಗೆ ಕರೆದಳು. ಹಿಂದಿನ ಗೋಡೆಯ ಆಚೆ ಹಾಳುಬಾವಿ ಇದೆಯಂತೆ, ಮಳೆಗಾಲಕ್ಕೆ ತುಂಬಿದರೆ ಹಿಂದಿನ ಖೋಲಿಗೆ ಒರತೆ ಬರುತ್ತದೆ. ಆಕೆ ತೋರಿಸಿದ್ದು ಮುಂದಿನ ಪಡಸಾಲೆ. ಅಲ್ಲಿ ಎರಡು ಹಾಸುಗಲ್ಲು ಎಬ್ಬಿಸಿ ನೋಡಿರಿ ಅಂದಳು. ಎಬ್ಬಿಸಿದರೆ ಕೆಳಗೆ ನಬಿಸಾಬನ ಕಲಾಯಿ ಭಟ್ಟಿಯ ಕುಣಿ, ಅದರ ತುಂಬ ಬೂದಿ. "ನಮ್ಮವ್ರು ಮೂವತ್ತ ವರ್ಷ ಇಲ್ಲೇ ಬೆಂಕಿ ಹಾಕಿದ್ರು. ಯಾವ ಮಳಿಗಾಲದಾಗೂ ಆರಿಲ್ಲ" ಅಂದಳು. ಆಗ ಮಾತ್ರ ಆಕೆಯ ಕಣ್ಣಲ್ಲಿ ನೀರು ಬಂತು, ನನ್ನ ಕಣ್ಣಲ್ಲೂ ಬಂತು, ಯಾಕೆ ಸುಳ್ಳು ಬರೆಯಲಿ. ಸಂಜೆ ಅಂದಪ್ಪ ಬಂದು ಆ ಬೂದಿ ತೆಗೆದು ಇನ್ನೂ ಒಂದು ಮೊಳ ಅಗೆದ. ರಾತ್ರಿ ಜಿಟಿಜಿಟಿ ಮಳೆ ಹಿಡಿದೇ ಇತ್ತು. ಇವತ್ತು ಮುಂಜಾನೆ ಹೋಗಿ ಕುಣಿಯೊಳಗೆ ಇಳಿದು ಅಂಗೈ ಒತ್ತಿ ನೋಡಿದೆ. ಒಣ ಮಣ್ಣು. ಎರಡೂ ಮಗ್ಗ ಪಡಸಾಲೆಯಲ್ಲೇ ಎದುರುಬದುರು ಕೂಡುತ್ತವೆ, ಅಪ್ಪ ಮಗ ಒಂದೇ ಸೂರಿನ ಕೆಳಗೆ ನೇಯಬಹುದು. ಹಿಂದಿನ ಖೋಲಿ ನಿಮ್ಮತ್ತೆಯ ನೀರಿನ ಹಂಡೆಗಳಿಗೆ ಇರಲಿ, ಬೇಸಿಗೆಗೆ ತಂಪಾಗಿರುತ್ತದೆ.

ಇಷ್ಟಾದ ಮೇಲೆ ನಿನಗೆ ಹೇಳಬೇಕಾದ ಕೆಟ್ಟ ಸುದ್ದಿ ಉಳಿಯಿತು. ಬೋರಮಾಳ ತೊಟ್ಟಿಲಿಗೆ ಬರುವುದಿಲ್ಲ ಮಗಳೇ. ದೀಪಾವಳಿಗೂ ಬರುವ ಮಾತಿಲ್ಲ, ಯುಗಾದಿಗೆ ನೋಡೋಣ. ನಿನ್ನ ಕೊರಳಿನದನ್ನು ನಿನ್ನನ್ನು ಕೇಳದೆ ಬಿಟ್ಟುಕೊಟ್ಟೆ ಎಂದು ಸಿಟ್ಟು ಬಂದರೆ ಸಿಟ್ಟಾಗು, ಅದಕ್ಕೆ ನಿನಗೆ ಹಕ್ಕಿದೆ. ಯಾರಾದರೂ ಕೇಳಿದರೆ ಮಾವ ಮಾತಿಗೆ ತಪ್ಪಲಾರದೆ ಹೀಗೆ ಮಾಡಿದ ಎಂದು ಹೇಳಬೇಡ, ಅಷ್ಟು ದೊಡ್ಡ ಮನುಷ್ಯ ನಾನಲ್ಲ. ತಪ್ಪಿ, ತಿರುಗಿ ಬಂದ ಎಂದು ಹೇಳು. ಗುರುಸಿದ್ದವ್ವ, ನಾನು ಮತ್ತೆ ಮಾತಾಡುತ್ತಿದ್ದೇವೆ, ನಿನ್ನೆ ರೊಟ್ಟಿಯ ಮೇಲೆ ಬೆಣ್ಣೆಯೂ ಬಿತ್ತು.

ಬೀಗರಿಗೂ ನಿಮ್ಮವ್ವನಿಗೂ ನಮ್ಮ ಶರಣಾರ್ಥಿ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು, ಗುಳಿಗೆ ನುಂಗು, ಭಾರ ಎತ್ತಬೇಡ, ಬಾವಿಯ ಕಡೆ ಹೋಗಬೇಡ. ಸಂಗಮನಾಥ ನಿನ್ನನ್ನೂ ನಿನ್ನ ಹೊಟ್ಟೆಯಲ್ಲಿರುವುದನ್ನೂ ಸುಖವಾಗಿಟ್ಟಿರಲಿ. ಗಂಡಾಗಲಿ ಹೆಣ್ಣಾಗಲಿ, ನಮ್ಮ ಮನೆಗೆ ಬೇಗ ಬರಲಿ.

ಇತಿ ನಿನ್ನ ಮಾವ,
ಅಮಾತೆಪ್ಪ

ತಾಜಾ ಕಲಂ: ಟಪಾಲು ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಹುನಗುಂದದ ಪತ್ರ ಬರೆಯುವವನು ಇಲ್ಲಿಗೆ ಬಂದಿದ್ದ, ಖರೀದಿ ಯಾರ ಹೆಸರಿಗೆ ಎಂದು ಕೇಳಿದ. ನಿನ್ನ ಹೆಸರು ಹೇಳಿದೆ. ನಾನು ಹೇಳಿ ಮುಗಿಸುವ ಮೊದಲೇ ನಿನ್ನ ಗಂಡ ಹೌದೆಂದು ತಲೆ ಆಡಿಸಿದ, ನಿಮ್ಮತ್ತೆ "ಈಗರೆ ಬುದ್ಧಿ ಬಂತು" ಅಂದಳು. ಕೊಳ್ಳುವವರು ಕಚೇರಿಗೆ ಬರಬೇಕಂತಿಲ್ಲವಂತೆ, ದಸ್ತಗೀರಬಿಯ ಹೆಬ್ಬೆಟ್ಟು ಸಾಕಂತೆ, ಆದ್ದರಿಂದ ಬಸ್ಸು ಹತ್ತುವ ಹುಚ್ಚು ಮಾಡಬೇಡ. ಆದರೆ ಪತ್ರದಲ್ಲಿ ನಿನ್ನ ವಯಸ್ಸು ಬರೆಯಬೇಕಂತೆ. ಲಗ್ನದ ಮಾತುಕತೆಯಲ್ಲಿ ನಿಮ್ಮಪ್ಪ ಇಪ್ಪತ್ತು ಅಂದ, ನಿಮ್ಮಜ್ಜಿ ಬಾಯಿ ತಪ್ಪಿ ಇಪ್ಪತ್ತೆರಡು ಅಂದಳು, ನಾವೂ ಕೇಳಿಸದ ಹಾಗೆ ಕುಳಿತೆವು. ಈ ಕಾಗದ ಕಂಡ ಕೂಡಲೇ ಒಂದು ಕಾರ್ಡಿನಲ್ಲಿ ಖರೆ ವಯಸ್ಸು ಬರೆದು ಹಾಕು. ಮನೆಯ ಮಾಲಕಿಯ ವಯಸ್ಸು ಸುಳ್ಳಾಗಬಾರದು.