ಈ ಸಲ ನಾನೇ

ಅಣ್ಣಾ,

ಕುಡಿತ ಬಿಡಿಸುವ ಈ ಕೇಂದ್ರಕ್ಕೆ ನಾನು ಬಂದ ದಿನ ಗೇಟಿನ ಕಾವಲುಗಾರ ನನ್ನ ಗುರುತು ಹಿಡಿದು, "ಏನಮ್ಮಾ, ಮತ್ತೆ ನಿಮ್ಮಣ್ಣನಾ?" ಎಂದು ಕೇಳಿದ. "ಇಲ್ಲ, ಈ ಸಲ ನಾನೇ" ಎಂದೆ. ಅವನು ಹೆಸರು ಬರೆಯುವ ಪುಸ್ತಕವನ್ನು ನನ್ನತ್ತ ಸರಿಸಿದ.

ನೀನಿಲ್ಲಿದ್ದಾಗ ಪ್ರತಿ ಭಾನುವಾರ ಬುತ್ತಿ ಹೊತ್ತು ತಂದವಳು ನಾನು. ಆಗ ಅಮ್ಮ, "ನನ್ನ ಮಗನ ಮೇಲೆ ಯಾರ ಕಣ್ಣು ಬಿತ್ತೋ" ಎಂದು ಬೀದಿಗೆಲ್ಲ ಹೇಳಿಕೊಂಡು ಅತ್ತಳು. ಈಗ ಅವಳ ಬಾಯಲ್ಲಿ ನಾನು ಮಾತ್ರ ಹೊಲಿಗೆ ಕಲಿಯಲು ಪರವೂರಿಗೆ ಹೋಗಿದ್ದೇನಂತೆ. ಅಪ್ಪ ಹೋದಾಗಿನಿಂದ ಹೊಲಿದೇ ಮನೆ ನಡೆಸಿದವಳಿಗೆ ಈಗ ಹೊಲಿಗೆ ಕಲಿಸುವವರು ಯಾರು? ನೀನು ಕುಡಿದರೆ ಕಾಯಿಲೆ, ನಾನು ಕುಡಿದರೆ ಮಾನಗೇಡು.

ಭಾನುವಾರ ಬಾ. ನನ್ನ ಕನ್ನಡಕ, ಎರಡು ಜೊತೆ ಬಟ್ಟೆ ತಾ. ಯಾರನ್ನು ನೋಡಬೇಕು ಎಂದು ಗೇಟಿನಲ್ಲಿ ಕೇಳಿದರೆ, "ನನ್ನ ತಂಗೀನ" ಎಂದು ಗಟ್ಟಿಯಾಗಿ ಹೇಳು. ನಾನು ಅಲ್ಲಿ ನಿನ್ನ ಹೆಸರನ್ನು ಒಂದು ದಿನವೂ ಪಿಸುಗುಟ್ಟಲಿಲ್ಲ.

ನಿನ್ನ ತಂಗಿ